ಬಿಲ್ಲೆಯ ಅಂಚು

ಮಿಲ್ಟ್ರಿ ಬಿಲ್ಲೆಗಳನ್ನು ಕೂಡಿಡುವ ಹವ್ಯಾಸದವರ ಮೇಲೆ ನನ್ನದೊಂದು ತಕರಾರಿದೆ. ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಕೂಡಿಡುವವರ ಮೇಲೆ ನನಗೆ ಯಾವ ದೂರೂ ಇಲ್ಲ. ಅಂಚೆಚೀಟಿಯನ್ನು ಯಾರ ಕಾಗದದಿಂದ ಕಿತ್ತಿರಿ ಎಂದು ಯಾರೂ ಕೇಳುವುದಿಲ್ಲ. ನಾಣ್ಯವೋ ಸಾವಿರ ಕೈ ದಾಟಿ ಬಂದದ್ದು, ಯಾರದೂ ಅಲ್ಲ. ಸಿಪಾಯಿಯ ಪದಕ ಮಾತ್ರ ಒಬ್ಬನಿಗೆಂದೇ ಕೊಟ್ಟದ್ದು. ಎಷ್ಟೋ ಪದಕಗಳಲ್ಲಿ ಅವನ ನಂಬರು, ಹುದ್ದೆ, ಹೆಸರು, ಪಲ್ಟನ್ನನ್ನು ಅಂಚಿನಲ್ಲೇ ಒತ್ತಿ ಕೊಟ್ಟದ್ದು. ಆ ಅಂಚನ್ನು ಓದದೆ, ಓದಿದ್ದನ್ನು ಬರೆದಿಡದೆ, ಯಾರ ಮನೆಯಿಂದ ಬಂತೆಂದು ಕೇಳದೆ ಮಖಮಲ್ಲಿನ ಮೇಲೆ ಜೋಡಿಸಿಡುವುದನ್ನು ಹವ್ಯಾಸ ಎನ್ನಲು ನಾನು ಒಪ್ಪುವುದಿಲ್ಲ. ಅದು ಗುಜರಿ ವ್ಯಾಪಾರ. ಗುಜರಿಯವನು ತೂಕ ನೋಡುತ್ತಾನೆ, ಇವರು ಹೊಳಪು ನೋಡುತ್ತಾರೆ, ಅಷ್ಟೇ ವ್ಯತ್ಯಾಸ.

ಮಾತು ಕಟುವಾಯಿತು ಎನ್ನುವವರು ಸ್ವಲ್ಪ ತಾಳಬೇಕು. ಈ ಕಥೆಯಲ್ಲಿ ಮೊದಲ ಅಪರಾಧಿ ನಾನೇ.

ನನ್ನ ತಾಯಿಯ ತವರು ಹರಿಹರ. ಅಜ್ಜಿಯ ಟ್ರಂಕಿನಲ್ಲಿ, ಧಾರೆ ಸೀರೆಯ ಕೆಳಗೆ, ಒಂದು ಬಟ್ಟೆಯ ಗಂಟಿತ್ತು. ಅದರಲ್ಲಿ ಎರಡು ಪದಕ, ಒಂದು ಬೆಳ್ಳಿಯದು, ಇನ್ನೊಂದು ಕಂಚಿನದು. ಅಜ್ಜಿಯ ಮಾವ, ಅಂದರೆ ನನ್ನ ಮುತ್ತಜ್ಜ, ಮೊದಲನೇ ಮಹಾಯುದ್ಧಕ್ಕೆ ಹೋಗಿ ಜೀವಸಹಿತ ಬಂದವರು. "ಬಸ್ರಾಕ್ಕೆ ಹೋಗಿದ್ರು" ಎಂದು ಅಜ್ಜಿ ಹೇಳುತ್ತಿದ್ದರೆ, ಬಸ್ರಾ ಎಂಬುದು ಹರಪನಹಳ್ಳಿಯ ಆಚೆ ಎಲ್ಲೋ ಇರುವ ಹಳ್ಳಿ ಎಂದೇ ನಾವು ಮಕ್ಕಳು ತಿಳಿದಿದ್ದೆವು. ಅಲ್ಲಿ ಏನು ಮಾಡುತ್ತಿದ್ದರು ಎಂದರೆ ಅಜ್ಜಿ "ಹೇಸರಗತ್ತೆ ನೋಡ್ಕೊಂಡಿದ್ರಂತೆ" ಎನ್ನುವರು. ಸೋದರಮಾವನಿಗೆ ಇದು ಅವಮಾನ. "ಕತ್ತೆ ಗಿತ್ತೆ ಏನೂ ಇಲ್ಲ, ಬಂದೂಕು ಹಿಡಿದಿದ್ದ ನಮ್ಮಜ್ಜ" ಎಂದು ರೇಗುವರು. ಈ ಜಗಳ ನಮ್ಮ ಮನೆಯಲ್ಲಿ ಪ್ರತಿ ಆಯುಧಪೂಜೆಯ ದಿನ, ಗಂಟು ಬಿಚ್ಚಿದಾಗ, ತಪ್ಪದೆ ನಡೆಯುತ್ತಿತ್ತು.

ಬೆಳ್ಳಿಯದರ ಒಂದು ಬದಿಯಲ್ಲಿ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿಯಲ್ಲಿ ಮೈಮೇಲೆ ಬಟ್ಟೆಯಿಲ್ಲದ ಕುದುರೆ ಸವಾರ. ಈ ಸವಾರನ ಬದಿಯನ್ನು ಅಜ್ಜಿ ಯಾವಾಗಲೂ ಕೆಳಮುಖ ಮಾಡಿಯೇ ಮಣೆಯ ಮೇಲಿಡುತ್ತಿದ್ದರು. ಕಂಚಿನದರಲ್ಲಿ ರೆಕ್ಕೆಯ ಹೆಣ್ಣು. ಅವಳು ಯಾವುದೋ ದೇವತೆಯೇ ಇರಬೇಕೆಂದು ಅವಳಿಗೆ ಕುಂಕುಮ ಬೀಳುತ್ತಿತ್ತು. ಮೊದಲನೆಯದು ಬ್ರಿಟಿಷ್ ವಾರ್ ಮೆಡಲ್, ಎರಡನೆಯದು ವಿಕ್ಟರಿ ಮೆಡಲ್ ಎಂದು ನನಗೆ ಗೊತ್ತಾಗುವ ಹೊತ್ತಿಗೆ ನಾನೇ ಟೀಚರಾಗಿ ಎಷ್ಟೋ ವರ್ಷವಾಗಿತ್ತು. ಎರಡರ ಸುತ್ತಳತೆಯೂ ಒಂದೇ, ಅಡ್ಡಗಲ 36 ಮಿಲಿಮೀಟರ್. ಎರಡರ ಅಂಚಿನಲ್ಲೂ ಸಣ್ಣ ಇಂಗ್ಲಿಷ್ ಅಕ್ಷರ. ನಮ್ಮ ಮನೆಯಲ್ಲಿ ಯಾರೂ ಅದನ್ನು ಓದಲಿಲ್ಲ. ಓದಲು ಬರುತ್ತಿರಲಿಲ್ಲ ಎನ್ನುವ ನೆಪವೂ ನನಗಿಲ್ಲ. ಐದನೇ ಇಯತ್ತೆಯಲ್ಲಿ ಎಬಿಸಿಡಿ ಕಲಿಸಿದ್ದರು.

1980ರಲ್ಲಿ ಜಗತ್ತಿನಲ್ಲೆಲ್ಲ ಬೆಳ್ಳಿಯ ಬೆಲೆ ಹುಚ್ಚೆದ್ದು ಏರಿತು. ಅಮೆರಿಕದ ಟೆಕ್ಸಾಸಿನ ಹಂಟ್ ಎಂಬ ಸಹೋದರರು ಬೆಳ್ಳಿಯನ್ನೆಲ್ಲ ತಾವೇ ಕೊಂಡುಹಾಕಲು ಹೊರಟದ್ದು ಅದಕ್ಕೊಂದು ದೊಡ್ಡ ಕಾರಣ. ಆ ಜನವರಿಯಲ್ಲಿ ಇಂಗ್ಲೆಂಡಿನಲ್ಲೇ ಜನ ತಮ್ಮ ತಾತಂದಿರ ಇದೇ ಪದಕಗಳನ್ನು ತೂಕಕ್ಕೆ ಹಾಕಿ ಕರಗಿಸಿದರು. ಟೆಕ್ಸಾಸಿನಲ್ಲಿ ಎದ್ದ ಗಾಳಿ ಹರಿಹರದ ಟ್ರಂಕಿನ ಮುಚ್ಚಳವನ್ನೂ ತೆಗೆಯಿತು. ಮೊಮ್ಮಗಳಿಗೆ ಕಾಲ್ಗೆಜ್ಜೆ ಮಾಡಿಸಬೇಕು, ಹೊಸ ಬೆಳ್ಳಿ ಕೊಳ್ಳುವಂತಿಲ್ಲ. ಅಜ್ಜಿ ನಾಲ್ಕು ಹಳೆಯ ರೂಪಾಯಿಗಳ ಜೊತೆಗೆ ಆ ಪದಕವನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಕೊಟ್ಟರು. ದಾವಣಗೆರೆಯ ಬೆಳ್ಳಿ ಕೆಲಸದವರು ತೂಗಿದರು. ಮೂರು ತೊಲಕ್ಕೆ ಸ್ವಲ್ಪ ಕಡಿಮೆ. ಹದಿನೈದು ದಿನಕ್ಕೆ ಗೆಜ್ಜೆ ಬಂತು. ನಾನು ಓಣಿಯುದ್ದಕ್ಕೂ ಘಲ್ ಘಲ್ ಎಂದು ಕುಣಿದೆ. ಮುತ್ತಜ್ಜನ ನಂಬರು, ಹುದ್ದೆ, ಪಲ್ಟನ್ನು, ಹೇಸರಗತ್ತೆಯೋ ಬಂದೂಕೋ ಎಂಬ ಮೂವತ್ತು ವರ್ಷದ ಜಗಳದ ತೀರ್ಪು, ಎಲ್ಲ ನನ್ನ ಕಾಲಿನಲ್ಲಿತ್ತು.

ಈ ಬೆಳ್ಳಿಯ ಪದಕ ಸುಮಾರು 65 ಲಕ್ಷ ಜನರಿಗೆ ಸಿಕ್ಕಿತ್ತು. ಕೂಲಿ ದಳಗಳಲ್ಲಿದ್ದವರಿಗೆ ಅದೇ ಪದಕವನ್ನು ಕಂಚಿನಲ್ಲಿ ಕೊಟ್ಟರು, ಅವು ಒಂದು ಲಕ್ಷ ಹತ್ತು ಸಾವಿರದಷ್ಟು. ಆ ಯುದ್ಧಕ್ಕೆ ಹಿಂದೂಸ್ಥಾನದಿಂದ ಹೋದವರು 13 ಲಕ್ಷಕ್ಕೂ ಹೆಚ್ಚು. 74 ಸಾವಿರದಷ್ಟು ಮಂದಿ ಹಿಂದಿರುಗಲಿಲ್ಲ. ಹಿಂದಿರುಗದವರ ಪದಕ ಮನೆಗೆ ಬಂತು. ಹಾಗೆ ಬಂದ ಬೆಳ್ಳಿಯೆಲ್ಲ ನಮ್ಮ ದೇಶದ ಎಷ್ಟು ಮನೆಗಳಲ್ಲಿ ಉಡಿದಾರವಾಯಿತೋ, ಲಿಂಗದ ಕರಡಿಗೆಯಾಯಿತೋ, ಕುಂಕುಮದ ಭರಣಿಯಾಯಿತೋ! ಆ ತಾಯಂದಿರನ್ನು ನಾನು ಬೈಯಲಾರೆ. ಹೊಟ್ಟೆಗೆ, ಮದುವೆಗೆ, ಮಗುವಿನ ಕಾಲಿಗೆ ಕೊಟ್ಟರು. ಬೈಯಬೇಕಾದವರು ಬೇರೆ ಇದ್ದಾರೆ, ಅವರಿಗೆ ಅನ್ನದ ಕಷ್ಟವಿರಲಿಲ್ಲ.

ಕಂಚಿನ ರೆಕ್ಕೆಯ ಹೆಣ್ಣನ್ನು ಯಾವ ಬೆಳ್ಳಿ ಕೆಲಸದವರೂ ಕೇಳಲಿಲ್ಲ. ಅವಳು ಟ್ರಂಕಿನಲ್ಲೇ ಉಳಿದಳು. ಬೆಳ್ಳಿ ಹೋಗಿ ಕಂಚು ಉಳಿದ ಇಂಥ ಒಂಟಿ ಪದಕಗಳೇ ಹೆಚ್ಚಾಗಿ ಸಂತೆಗೆ, ಗುಜರಿಗೆ ಬರುವುದಂತೆ. ಅಜ್ಜಿ ಹೋದ ಮೇಲೆ, 2009ರಲ್ಲಿ, ಮನೆ ಪಾಲಾದಾಗ ಸೋದರಮಾವ ಅದನ್ನು ಹರಿಹರದಲ್ಲೇ ಒಬ್ಬ ಸಂಗ್ರಾಹಕರಿಗೆ ಮುನ್ನೂರು ರೂಪಾಯಿಗೆ ಕೊಟ್ಟುಬಿಟ್ಟರು. ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಮಾತಿಗೆ ಮಾತು ಬಂದಾಗ. ಆ ಅಂಚಿನಲ್ಲೂ ಅದೇ ನಂಬರು, ಅದೇ ಹೆಸರು ಇರುತ್ತದೆ ಎಂದು ಅಷ್ಟರಲ್ಲಿ ಓದಿ ತಿಳಿದಿದ್ದೆ. ಕರಗಿಹೋಯಿತು ಎಂದುಕೊಂಡದ್ದು ಇನ್ನೂ ಒಂದು ಕಡೆ ಇದೆ ಎಂದಾಯಿತು. ಭಾನುವಾರ ಬೆಳಿಗ್ಗೆಯೇ ಹರಿಹರದ ಬಸ್ಸು ಹತ್ತಿದೆ. ಹದಿನಾಲ್ಕು ಕಿಲೋಮೀಟರ್ ದಾರಿ ಅಷ್ಟು ಉದ್ದವೆಂದು ಯಾವತ್ತೂ ಅನಿಸಿರಲಿಲ್ಲ.

ಹರಿಹರ ಲೇತು ತಯಾರಾಗುತ್ತಿದ್ದ ಊರು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಈಗ ಮುಚ್ಚಿಹೋಗಿದ್ದರೂ ಊರಿನ ಒಂದು ತಲೆಮಾರಿನ ಕೈಗೆ ಲೋಹದ ಗುಣ ಗೊತ್ತು. ನಮ್ಮ ಸಂಗ್ರಾಹಕರೂ ಮೂವತ್ತು ವರ್ಷ ಲೇತಿನ ಮುಂದೆ ನಿಂತವರು. ಎಪ್ಪತ್ತು ದಾಟಿದ ಹಿರಿಯರು, ಸಜ್ಜನರು. ಹೆಂಡತಿ ಚಹಾ ತಂದರು, ಇವರು ಬೋರ್ಡುಗಳನ್ನು ತಂದರು. ಅವರ ವಿದ್ಯೆಗೆ ನಾನು ತಲೆಬಾಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಟೋಪಿ ಬಿಲ್ಲೆಯನ್ನು ಬೆರಳ ತುದಿಯಲ್ಲಿ ಸವರಿ, "ಇದು ಎರಕದ್ದು, ನಕಲಿ" ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ಅಚ್ಚಿನಲ್ಲಿ ಒತ್ತಿದ ಅಸಲಿ ಬಿಲ್ಲೆಯ ಗೆರೆಗಳು ಚೂಪಾಗಿರುತ್ತವೆ. ಅಸಲಿಯನ್ನೇ ಮಾದರಿ ಇಟ್ಟುಕೊಂಡು ಎರಕ ಹೊಯ್ದದ್ದರ ಮೈಮೇಲೆ ಸಣ್ಣ ಸಣ್ಣ ಗುಳಿ, ಗೆರೆಗಳು ಮೊಂಡು. ಲೋಹ ಆರುವಾಗ ಕುಗ್ಗುವುದರಿಂದ ನಕಲಿಯು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದು. ನಮ್ಮ ಸೈನ್ಯದ ಬಿಲ್ಲೆಯಲ್ಲಿ ಕಿರೀಟವಿದ್ದರೆ ಗಣರಾಜ್ಯಕ್ಕೆ ಮೊದಲಿನದು, ಅಶೋಕನ ಸಿಂಹಗಳಿದ್ದರೆ ಆಮೇಲಿನದು. ಬ್ರಾಸೋ ಹಾಕಿ ತಿಕ್ಕಬಾರದು, ಹುಣಸೆಹಣ್ಣಂತೂ ಮುಟ್ಟಿಸಲೇಬಾರದು. (ನಾನು ತಲೆತಗ್ಗಿಸಿದೆ.)

ಇನ್ನೊಂದು ತಮಾಷೆ. ಗಂಡಭೇರುಂಡ ಇರುವ ಒಂದು ಹಿತ್ತಾಳೆ ಬಿಲ್ಲೆಯನ್ನು ತೋರಿಸಿ, "ಇದನ್ನ ಮೈಸೂರು ಲ್ಯಾನ್ಸರ್ಸ್‌ದು ಅಂತ ಬೆಂಗಳೂರಾಗ ನನಗ ನಾಲ್ಕು ಸಾವಿರಕ್ಕ ಕೊಟ್ರು ನೋಡ್ರಿ ಮೇಡಂ. ಮನೀಗೆ ತಂದು ನೋಡಿದ್ರ ಜವಾನನ ಡವಾಲಿ ಬಿಲ್ಲೆ!" ಎಂದು ಹೊಟ್ಟೆ ಹಿಡಿದು ನಕ್ಕರು. ಹಳೆಯ ಮೈಸೂರಿನ ಕಚೇರಿಗಳಲ್ಲಿ ಜವಾನರು ಎದೆಯ ಮೇಲೆ ಅಡ್ಡ ಪಟ್ಟಿಗೆ ಹಾಕಿಕೊಳ್ಳುತ್ತಿದ್ದ ಬಿಲ್ಲೆ ಅದು. ಹಕ್ಕಿ ಅದೇ, ಕೆಲಸ ಬೇರೆ.

ಆಮೇಲೆ ಮೊದಲ ಮಹಾಯುದ್ಧದ ಬೋರ್ಡು ಬಂತು. ತೇಗದ ಹಲಗೆ. ಅದರಲ್ಲಿ ಹನ್ನೊಂದು ವಿಕ್ಟರಿ ಮೆಡಲುಗಳು, ಹನ್ನೊಂದು ರೆಕ್ಕೆಯ ಹೆಣ್ಣುಗಳು. ಪ್ರತಿಯೊಂದಕ್ಕೂ ಸರಿಯಾಗಿ 36 ಮಿಲಿಮೀಟರಿನ ಕುಳಿ ಕೊರೆದು, ಹಿಂದೆ ಅಂಟು ಹಾಕಿ, ಹಲಗೆಯ ಮಟ್ಟಕ್ಕೆ ಸಮನಾಗಿ ಕೂರಿಸಿದ್ದಾರೆ. ಮೇಲಿನ ಉಂಗುರಕ್ಕೂ ಬೇರೆ ಗಾಳಿ. ಉಗುರು ತೂರಿಸಲು ಜಾಗವಿಲ್ಲ. ಅಷ್ಟು ಚೊಕ್ಕ ಕೆಲಸ ನಾನು ಕಂಡಿಲ್ಲ. ಅಂಚು ಮಾತ್ರ ಪೂರ್ತಿ ಮರದೊಳಗೆ.

"ಇದರಲ್ಲಿ ನಮ್ಮದು ಯಾವುದು?" ಎಂದೆ.

ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು. "ಈಗ ಹೆಂಗ ಹೇಳೋದ್ರಿ? ಒಂದೆರಡು ಇಲ್ಲೇ ಸಿಕ್ಕಿದ್ದು, ಒಂದಿಷ್ಟು ಮುಂಬೈ ಚೋರ್ ಬಜಾರಿಂದು. ಎಲ್ಲಾ ಒಂದೇ ನಮೂನಿ."

"ಕೂರಿಸುವ ಮೊದಲು ಅಂಚಿನಲ್ಲಿದ್ದದ್ದು ಬರೆದುಕೊಂಡಿಲ್ಲವೇ?"

"ಬರಕೊಂಡು ಏನು ಮಾಡೋದೈತ್ರಿ? ಇತಿಹಾಸ ಅನ್ನೋದು ಆ ಲೋಹದಾಗ ಐತಿ."

ನನ್ನ ತಕರಾರು ಇರುವುದು ಈ ಮಾತಿನೊಡನೆ. ಅವರೊಬ್ಬರ ಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಆಮೇಲೆ ದಾವಣಗೆರೆಯಲ್ಲಿ ಇಬ್ಬರನ್ನು, ಬೆಂಗಳೂರಿನಲ್ಲಿ ಮೂವರನ್ನು ಕಂಡೆ. ಬೋರ್ಡು ಬೇರೆ, ಮಾತು ಇದೇ. ಲೋಹ, ಅಚ್ಚು, ಕೊಂಡಿ, ರಿಬ್ಬನ್ನಿನ ಬಣ್ಣ, ಎಷ್ಟು ಅಪರೂಪ, ಈಗ ಎಷ್ಟು ಬೆಲೆ. ಯಾರದು ಎಂದು ಕೇಳಿದರೆ, ಮದುವೆ ಮನೆಯಲ್ಲಿ ಸಾಲದ ವಿಷಯ ಎತ್ತಿದಂತೆ ಮುಖ ಮಾಡುತ್ತಾರೆ. ಒಂದೇ ಮನುಷ್ಯನ ಮೂರು ಪದಕಗಳಿದ್ದರೆ ಜೊತೆ ಒಡೆದು, ಮೂರು ಬೋರ್ಡಿಗೆ ಹಂಚುವವರೂ ಇದ್ದಾರೆ. ಏಕೆಂದರೆ ನಕ್ಷತ್ರದ ಬೋರ್ಡು ಬೇರೆ, ಬೆಳ್ಳಿಯ ಬೋರ್ಡು ಬೇರೆ. ಹೀಗೆ ಒಡೆದ ಜೊತೆಯನ್ನು ಮತ್ತೆ ಕೂಡಿಸಲು ಇರುವ ಒಂದೇ ಎಳೆ ಆ ಅಂಚಿನ ನಂಬರು. ಅದನ್ನೂ ಬರೆದಿಡುವುದಿಲ್ಲ ಎಂದರೆ!

ಲೋಹದಲ್ಲಿ ಇತಿಹಾಸವಿದೆಯಂತೆ. ಆ ಯುದ್ಧ ಮುಗಿದ ಮೇಲೆ ಸತ್ತವರ ನೆನಪಿಗೆ ಕಲ್ಲು ನೆಡುವಾಗ ಬ್ರಿಟಿಷರು ಏನು ಮಾಡಿದರೆಂಬುದನ್ನು ಇವರು ಓದಿಕೊಳ್ಳಬೇಕು. ಫ್ರಾನ್ಸಿನ ನವ್ ಶಪೆಲ್ ಎಂಬಲ್ಲಿ 1927ರಲ್ಲಿ ತೆರೆದ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಿದ್ದಾರೆ. ನನ್ನ ಮುತ್ತಜ್ಜ ನಡೆದಾಡಿದ ಬಸ್ರಾದ ಸ್ಮಾರಕದಲ್ಲಿ ಹಾಗಿಲ್ಲ. ಮೆಸೊಪೊಟೇಮಿಯಾದಲ್ಲಿ ಮಡಿದ ನಲವತ್ತು ಸಾವಿರಕ್ಕೂ ಹೆಚ್ಚು ಜನರ ಸ್ಮಾರಕ ಅದು. ಅಲ್ಲಿ ಬ್ರಿಟಿಷ್ ಸೈನಿಕರ ಹೆಸರುಂಟು, ಭಾರತೀಯ ಅಧಿಕಾರಿಗಳ ಹೆಸರುಂಟು. ಭಾರತೀಯ ಸಿಪಾಯಿಗಳದು ಮಾತ್ರ ಪಲ್ಟನ್ನಿಗೆ ಇಷ್ಟು ಮಂದಿ ಎಂಬ ಲೆಕ್ಕ. ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರ ಏಪ್ರಿಲ್‌ನಲ್ಲಿ ವರದಿ ಹೊರಡಿಸಿ, ಹೆಚ್ಚಾಗಿ ಆಫ್ರಿಕಾ, ಈಜಿಪ್ಟಿನ ಕಡೆಯ ಕನಿಷ್ಠ 1,16,000 ಮಂದಿಯನ್ನು, ಬಹುಶಃ ಮೂರೂವರೆ ಲಕ್ಷದವರೆಗೂ, ಹೆಸರಿನಿಂದ ನೆನೆದಿಲ್ಲ ಅಥವಾ ನೆನೆದೇ ಇಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು. ವರ್ಣಭೇದ ಎಂಬ ಮಾತನ್ನೂ ಅದು ಬಳಸಿತು.

ಟೀಚರ್ ಆದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಿಸಿಯೂಟದ ಪುಸ್ತಕಕ್ಕೆ ತಲೆಯ ಲೆಕ್ಕ ಸಾಕು, ಇವತ್ತು 43 ಎಂದು ಬರೆದರೆ ಅಕ್ಕಿ ಅಳೆದು ಹಾಕುತ್ತಾರೆ. ಹಾಜರಿ ಪುಸ್ತಕಕ್ಕೆ ಹೆಸರೇ ಬೇಕು. ಹೆಸರು ಕೂಗಿದಾಗಲೇ ಕೊನೆಯ ಬೆಂಚಿನ ಹುಡುಗಿ ತಲೆ ಎತ್ತುವುದು. ಬಸ್ರಾದಲ್ಲಿ ನಮ್ಮವರನ್ನು ಬಿಸಿಯೂಟದ ಪುಸ್ತಕದಲ್ಲಿ ಬರೆದರು. ಹೆಸರುಗಳು ಎಲ್ಲೋ ದೂರದ ಕಡತದಲ್ಲಿದ್ದವು. ಅವನ ಊರಿಗೆ, ಅವನ ಹೆಂಡತಿಯ ಕೈಗೆ, ಅಚ್ಚೊತ್ತಿದ ಹೆಸರಾಗಿ ಬಂದದ್ದು ಪದಕದ ಅಂಚು. ಚಕ್ರವರ್ತಿಯ ಟಂಕಸಾಲೆ ಅಷ್ಟನ್ನಾದರೂ ಮಾಡಿತ್ತು. ಅದನ್ನು ಮರದೊಳಗೆ ಹೂತು, "ಹನ್ನೊಂದು ವಿಕ್ಟರಿ ಮೆಡಲ್" ಎಂದು ಮತ್ತೆ ತಲೆ ಎಣಿಸುವವರಿಗೆ ಏನು ಹೇಳೋಣ? ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕವನ್ನು 2019ರ ಫೆಬ್ರವರಿಯಲ್ಲಿ ತೆರೆದಾಗ ಸ್ವಾತಂತ್ರ್ಯಾನಂತರ ಮಡಿದ 25,942 ಜನರ ಹೆಸರನ್ನು ಒಂದೊಂದಾಗಿ ಕಲ್ಲಿನಲ್ಲಿ ಬರೆಸಿದರು. ಒಟ್ಟು ಇಷ್ಟು ಎಂದು ಒಂದು ಸಾಲು ಕೆತ್ತಿಸಿ ಮುಗಿಸಬಹುದಿತ್ತಲ್ಲ, ಖರ್ಚೂ ಉಳಿಯುತ್ತಿತ್ತು.

ಎರಡನೆಯ ಸಲ ಹೋದಾಗ ಹರಿಹರದ ಹಿರಿಯರು ನಿಜವಾದ ಕಾರಣವನ್ನು ಹೇಳಿದರು. "ಹೆಸರು ಬರದಿಟ್ರ ವಾರಸುದಾರರು ಬರ್ತಾರ ಮೇಡಂ. ನಮ್ಮಜ್ಜಂದು ಕೊಡ್ರಿ ಅಂತಾರ. ನಾನು ರೊಕ್ಕ ಕೊಟ್ಟು ತಂದದ್ದು." ಪ್ರಾಮಾಣಿಕ ಮಾತು. ಬೆಂಗಳೂರಿನವರು ಇದನ್ನೇ ಹತ್ತು ಸುತ್ತು ಬಳಸಿ ಹೇಳಿದ್ದರು. ಆದರೆ ಸ್ವಾಮಿ, ನಾನೇ ಆ ವಾರಸುದಾರಳು, ಬಂದು ನಿಮ್ಮ ಮುಂದೆ ಕೂತಿದ್ದೇನೆ. ನನಗೆ ಪದಕ ಬೇಡ. ನಮ್ಮ ಮಾವ ಮಾರಿದ್ದು, ನೀವು ಕೊಂಡದ್ದು, ವ್ಯವಹಾರ ಮುಗಿಯಿತು. ಸೇವೆಯಲ್ಲಿರುವ ಸೈನಿಕ ತನ್ನ ಪದಕವನ್ನು ಮಾರಿದರೆ, ಒತ್ತೆಯಿಟ್ಟರೆ 1950ರ ಸೈನ್ಯ ಕಾಯಿದೆಯ ಪ್ರಕಾರ ಅಪರಾಧ. ಮೊಮ್ಮಗ ಮಾರುವುದಕ್ಕೆ ಆ ಕಾಯಿದೆ ಅಡ್ಡ ಬರುವುದಿಲ್ಲ. ನನಗೆ ಬೇಕಾದದ್ದು ಒಂದು ಸಾಲು. ಅದನ್ನು ಓದಿಕೊಂಡು ಮನೆಗೆ ಹೋಗುತ್ತೇನೆ. ಎಲ್ಲ ವಾರಸುದಾರರೂ ನನ್ನಷ್ಟು ಸಾಧುಗಳಲ್ಲ ಎನ್ನುವಿರಾ? ಇರಬಹುದು. ಕೇಳಿದವರಿಗೆಲ್ಲ ಪದಕ ಕೊಡಿ ಎಂದು ನಾನೂ ಹೇಳುವುದಿಲ್ಲ. ಕೇಳಲಿಕ್ಕೇ ಆಗದಂತೆ ಗುರುತು ಅಳಿಸುವುದು ಮಾತ್ರ ಕದ್ದ ಎಮ್ಮೆಯ ಕೊಂಬು ಕೊಯ್ದಂತೆ. ಕದಿಯದ ಎಮ್ಮೆಯ ಕೊಂಬನ್ನು ಯಾಕೆ ಕೊಯ್ಯಬೇಕು?

ಮುತ್ತಜ್ಜನ ಹೆಸರು ಗೊತ್ತಿದ್ದ ಮೇಲೆ ಅಂಚು ಯಾಕೆ ಎಂದು ಕೇಳುವವರಿದ್ದಾರೆ. ಆ ಹೆಸರಿನವರು ಹರಿಹರದ ಒಂದೊಂದು ಓಣಿಯಲ್ಲೂ ಇಬ್ಬರಿದ್ದಾರೆ. ಭರ್ತಿಯ ಗುಮಾಸ್ತ ಅದನ್ನು ಇಂಗ್ಲಿಷಿನಲ್ಲಿ ಹೇಗೆ ತಿರುಚಿ ಬರೆದನೋ! ಆಗ ಹರಿಹರ ಮೈಸೂರು ಸಂಸ್ಥಾನದ ಗಡಿ, ತುಂಗಭದ್ರೆಯ ಆಚೆ ಮುಂಬೈ ಪ್ರಾಂತ. ಅವರು ಮೈಸೂರಿನ ಸಾಗಣೆ ದಳಕ್ಕೆ ಸೇರಿದರೋ, ಮದ್ರಾಸಿನ ಪಲ್ಟನ್ನಿಗೋ, ಹೊಳೆ ದಾಟಿ ಮರಾಠಾ ಪಲ್ಟನ್ನಿಗೋ? ಕಡತ ಹುಡುಕಲು ಹೊರಟರೆ ಮೊದಲು ಕೇಳುವುದು ನಂಬರು ಮತ್ತು ಪಲ್ಟನ್ನು.

ಇನ್ನು ಎದುರು ದಿಕ್ಕಿನಿಂದ ಬರುವ ವಾದ. ನಮ್ಮ ಶಾಲೆಯಲ್ಲೇ ಸಮಾಜ ವಿಜ್ಞಾನ ಹೇಳುತ್ತಿದ್ದ ಸಹೋದ್ಯೋಗಿಯೊಬ್ಬರು ನನ್ನ ಕಥೆ ಕೇಳಿ, "ಗುಲಾಮಗಿರಿಯ ಬಿಲ್ಲೆ ಕರಗಿದ್ದೇ ಒಳ್ಳೇದಾಯ್ತು ಬಿಡ್ರಿ ಮೇಡಂ" ಎಂದರು. ಅವರೇ ಸೆಪ್ಟೆಂಬರ್ 23ರಂದು ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳಿಗೆ ಹೈಫಾ ಯುದ್ಧದ ಕಥೆ ಹೇಳಿದವರು. 1918ರ ಆ ದಿನ ಜೋಧಪುರದ ಸವಾರರು ಊರೊಳಗೆ ನುಗ್ಗಿದ್ದು, ನಮ್ಮ ಮೈಸೂರು ಲ್ಯಾನ್ಸರ್ಸ್ ಕಾರ್ಮೆಲ್ ಗುಡ್ಡವೇರಿ ಫಿರಂಗಿಗಳನ್ನು ಹಿಡಿದದ್ದು, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, 2018ರಲ್ಲಿ ಆ ಚೌಕಕ್ಕೆ ಹೈಫಾ ಹೆಸರು ಸೇರಿಸಿದ್ದು, ಎಲ್ಲ ರೋಮಾಂಚನವಾಗುವಂತೆ ಹೇಳಿದ್ದರು. ಆ ಲ್ಯಾನ್ಸರ್‌ಗಳು ಗೆದ್ದು ಬಂದ ಮೇಲೆ ಎದೆಗೆ ಹಾಕಿಕೊಂಡದ್ದು ಇದೇ ಐದನೇ ಜಾರ್ಜನ ಮುಖದ ಬೆಳ್ಳಿಯನ್ನು. ಹೈಫಾ ನಮ್ಮ ಹೆಮ್ಮೆ, ಬಸ್ರಾದ ಹೇಸರಗತ್ತೆ ಗುಲಾಮಗಿರಿ ಎಂದರೆ ಯಾವ ನ್ಯಾಯ?

ಬಿಲ್ಲೆಯ ಚಿತ್ರವನ್ನು ಹಿಡಿದು ಗುಲಾಮಗಿರಿ ಅಳೆಯುವುದಾದರೆ ಇನ್ನೊಂದನ್ನು ಹೇಳುತ್ತೇನೆ. ಮದ್ರಾಸ್ ರೆಜಿಮೆಂಟಿನ ಬಿಲ್ಲೆಯಲ್ಲಿ ಆನೆಯಿದೆ. ಅದು ಅಸ್ಸಾಯೆಯ ಆನೆ. 1803ರ ಸೆಪ್ಟೆಂಬರ್ 23ರಂದು, ಹೌದು ಅದೇ ತಾರೀಖು, ವೆಲ್ಲೆಸ್ಲಿಯ ಕೈಕೆಳಗೆ ಮದ್ರಾಸಿನ ಸಿಪಾಯಿಗಳು ಮರಾಠರನ್ನು ಸೋಲಿಸಿದ್ದಕ್ಕೆ ಕಂಪನಿ ಕೊಟ್ಟ ಗೌರವ. ಆ ವರ್ಷದ ಮಾರ್ಚಿಯಲ್ಲಿ ವೆಲ್ಲೆಸ್ಲಿ ದಂಡು ಕಟ್ಟಿಕೊಂಡು ಹೊರಟದ್ದು ಎಲ್ಲಿಂದ ಬಲ್ಲಿರಾ? ನಮ್ಮ ಹರಿಹರದಿಂದ, ತುಂಗಭದ್ರೆ ದಾಟಿ. ಅಸ್ಸಾಯೆ ಆನೆಯ ಬಿಲ್ಲೆಯನ್ನು ಸ್ವತಂತ್ರ ಭಾರತದ ಸೈನ್ಯ ಬಿಸಾಡಲಿಲ್ಲ. ಸಂಸ್ಥಾನದ ಮೈಸೂರು ಪದಾತಿಯವರೂ ಸ್ವಾತಂತ್ರ್ಯದ ಮೇಲೆ ಅದೇ ರೆಜಿಮೆಂಟಿಗೆ ಸೇರಿದರು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನವಿದ್ದು ಜೀವಂತ ಸಿಕ್ಕು, ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರೂ ಮದ್ರಾಸ್ ರೆಜಿಮೆಂಟಿನವರೇ. ಅವರ ಟೋಪಿಯ ಮೇಲಿದ್ದದ್ದನ್ನು ಗುಲಾಮಗಿರಿಯ ಆನೆ ಎನ್ನುವ ಧೈರ್ಯ ನನ್ನ ಸಹೋದ್ಯೋಗಿಗೆ ಇರಲಿಲ್ಲ. ಸುಮ್ಮನೆ ಸೀಮೆಸುಣ್ಣ ಹುಡುಕಿದರು.

ಟೋಪಿ ಬಿಲ್ಲೆ, ಭುಜದ ಬಿಲ್ಲೆ, ಗುಂಡಿಗಳಲ್ಲಿ ಹೆಸರಿರುವುದಿಲ್ಲವಲ್ಲ, ಅದಕ್ಕೇನು ಮಾಡೋಣ ಎಂದು ಸಂಗ್ರಾಹಕರು ಕೇಳುತ್ತಾರೆ. ಹೆಸರಿಲ್ಲದ್ದಕ್ಕೆ ಚೀಟಿ ಇನ್ನೂ ಹೆಚ್ಚು ಬೇಕು. ಎಲ್ಲಿ ಸಿಕ್ಕಿತು, ಯಾವಾಗ, ಯಾರು ಕೊಟ್ಟರು, ಅವರು ಏನು ಹೇಳಿದರು. ನಾಲ್ಕು ಸಾಲು. ಇದನ್ನು ನಾನು ಉಪದೇಶವಾಗಿ ಹೇಳುತ್ತಿಲ್ಲ, ಕೈ ಸುಟ್ಟುಕೊಂಡು ಹೇಳುತ್ತಿದ್ದೇನೆ. ಇಪ್ಪತ್ತು ವರ್ಷದ ಹಿಂದೆ ಹರಿಹರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ತರಗತಿಯಲ್ಲಿ ಹಿತ್ತಾಳೆಯ ಗುಂಡಿಯೊಂದನ್ನು ಬುಗುರಿಯಂತೆ ತಿರುಗಿಸುತ್ತಿದ್ದ. ನಡುವೆ ಒಂದು ಅಂಕಿ, ಸುತ್ತ ಸವೆದ ಇಂಗ್ಲಿಷ್ ಅಕ್ಷರ. "ಹೊಲದಾಗ ಸಿಕ್ತು ಮಿಸ್" ಎಂದ. ಪಾಠ ಕೆಡುತ್ತದೆಂದು ಕಿತ್ತುಕೊಂಡು ಮೇಜಿನ ಖಾನೆಗೆ ಹಾಕಿದೆ. ಆ ಬೇಸಿಗೆಯಲ್ಲಿ ಶಾಲೆಗೆ ಸುಣ್ಣ ಬಳಿದಾಗ ಖಾನೆಯನ್ನು ಯಾರೋ ಝಾಡಿಸಿದರು. ಹರಿಹರಕ್ಕೆ ಎರಡು ಮೈಲಿ ವಾಯವ್ಯಕ್ಕೆ 1865ರವರೆಗೂ ದೇಶಿ ಪದಾತಿ ಪಲ್ಟನ್ನಿನ ದಂಡು ಇತ್ತೆಂದು ಹಳೆಯ ಗೆಜೆಟಿಯರಿನಲ್ಲಿ ಓದಿದ್ದು ಆಮೇಲೆ. ದಂಡು ಎದ್ದು ಮೂರು ವರ್ಷಕ್ಕೆ, 1868ರಲ್ಲಿ, ಹೊಳೆಯ ಮೇಲಿನ ಹಳೆಯ ಸೇತುವೆ ಮುಗಿಯಿತು. ಸೇತುವೆಯನ್ನು ಬಲ್ಲವರು ಬಹಳ ಜನ, ದಂಡು ಇತ್ತೆಂದು ಬಲ್ಲವರು ಎಷ್ಟಿದ್ದಾರೆ? ಆ ಅಂಕಿ ಯಾವುದೆಂದು ಬರೆದಿಟ್ಟಿದ್ದರೆ, ಆ ಹೊಲ ಯಾವುದೆಂದು ಕೇಳಿದ್ದರೆ! ಹುಡುಗ ಈಗ ಎಲ್ಲಿದ್ದಾನೋ. ಅವನ ಹೆಸರು ನನಗೆ ನೆನಪಿಲ್ಲ. ಹಾಜರಿ ಪುಸ್ತಕದ ಬಗ್ಗೆ ಇಷ್ಟು ದೊಡ್ಡ ಮಾತಾಡಿದವಳಿಗೆ ಇದು ತಕ್ಕ ಶಾಸ್ತಿ.

ಬಿಲ್ಲೆ ಹಾಕಿಕೊಂಡು ಮೆರೆಯುವ ಹುಡುಗರ ವಿಷಯವನ್ನು ನಾನು ಬೆಳೆಸುವುದಿಲ್ಲ. ದಾವಣಗೆರೆಯ ಬಟ್ಟೆ ಅಂಗಡಿಗಳಲ್ಲೇ ಪ್ಯಾರಾ ಪಡೆಯ ಬಿಲ್ಲೆ ಹೊಲಿದ ಅಂಗಿ ಸಿಗುತ್ತದೆ. ಸೈನಿಕನೆಂದು ನಂಬಿಸಲು ಸೈನಿಕನ ಉಡುಪು, ಗುರುತು ಧರಿಸಿದರೆ ಮೂರು ತಿಂಗಳವರೆಗೆ ಸಜೆಯಿದೆ. ಹಳೆಯ ದಂಡಸಂಹಿತೆಯಲ್ಲೂ ಇತ್ತು, 2024ರ ಜುಲೈನಿಂದ ಬಂದ ನ್ಯಾಯ ಸಂಹಿತೆಯಲ್ಲೂ ಇದೆ. ಅವರ ಪಾಡು ಅವರಿಗೆ. ಸಂಗ್ರಾಹಕರಿಗೆ ಮಾತ್ರ ಇನ್ನೊಂದು ಕಾಯಿದೆಯನ್ನು ನೆನಪಿಸುತ್ತೇನೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ದೇಶದಾಚೆ ಸಾಗಿಸುವಂತಿಲ್ಲ. ಮೊದಲ ಮಹಾಯುದ್ಧದ ಪದಕಗಳು ಈಗ ಆ ವಯಸ್ಸಿಗೆ ಬಂದಿವೆ. ಲಂಡನ್ನಿನ ಹರಾಜಿನ ಬೆಲೆ ನೋಡಿ ಜೊಲ್ಲು ಸುರಿಸುವವರು ಗಮನಿಸಲಿ. ಆ ಹರಾಜಿನ ಪಟ್ಟಿಗಳನ್ನಾದರೂ ಇವರು ಸರಿಯಾಗಿ ಓದಿದ್ದಾರೆಯೇ? ಅಲ್ಲಿ ಒಂದೊಂದು ಪದಕದ ಕೆಳಗೂ ಅಂಚಿನ ಅಕ್ಷರಗಳನ್ನು ಇದ್ದದ್ದು ಇದ್ದಂತೆ ಅಚ್ಚು ಹಾಕಿರುತ್ತಾರೆ. ಹೆಸರಿದ್ದರೆ ಬೆಲೆ ಹೆಚ್ಚು ಎಂದು ವ್ಯಾಪಾರಿಗೆ ಗೊತ್ತು, ನಮ್ಮ ಹವ್ಯಾಸಿಗೆ ಗೊತ್ತಿಲ್ಲ.

ಮೂರನೆಯ ಸಲ ನಾನು ಹರಿಹರಕ್ಕೆ ಹೋದದ್ದು ಜಗಳಕ್ಕೆಂದೇ. ಬಸ್ಸಿನಲ್ಲಿ ಮಾತುಗಳನ್ನೆಲ್ಲ ಹೊಂದಿಸಿಕೊಂಡಿದ್ದೆ. ಬಾಗಿಲು ತೆರೆದ ಹಿರಿಯರು ಕೂರಿ ಎಂದು ಕೂಡ ಹೇಳದೆ ಒಳಗೆ ಕರೆದುಕೊಂಡು ಹೋದರು. ತೇಗದ ಹಲಗೆ ಬೋರಲು ಮಲಗಿತ್ತು. ಹಿಂಬದಿಯಿಂದ, ಒಂದೊಂದು ಪದಕದ ನಡುಮಧ್ಯಕ್ಕೆ ಸರಿಯಾಗಿ, ಸಣ್ಣ ತೂತು ಕೊರೆದಿದ್ದರು. ಕಡ್ಡಿಯಿಂದ ಒಳಗೆ ಒತ್ತಿ, ಮೆಲ್ಲಗೆ ಹೊರಗೆ ತಳ್ಳುವ ಉಪಾಯ. ಲೋಹಕ್ಕೆ ಲೋಹ ತಾಗಬಾರದೆಂದು ಬಿದಿರಿನ ಕಡ್ಡಿ. ಇದಕ್ಕಾಗಿ ಹಲಗೆ ಹಾಳಾಯಿತಲ್ಲ ಎಂದು ನನಗೇ ಸಂಕಟವಾಯಿತು. "ನೀವು ಹೋದ ಮ್ಯಾಲೆ ನಿದ್ದಿ ಬರ್ಲಿಲ್ರಿ" ಎಂದರು ಅವರ ಹೆಂಡತಿ. ಯಾರಿಗೆ ಎಂದು ಹೇಳಲಿಲ್ಲ.

ಆ ದಿನ ನಾಲ್ಕು ಹೊರಬಂದವು. ಅವರು ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಹೇಳಿದರು, ನಾನು ಬರೆದುಕೊಂಡೆ. ಒಬ್ಬ ಪಂಜಾಬಿ, ಇಬ್ಬರು ಮರಾಠಾ ಪಲ್ಟನ್ನಿನವರು, ಮತ್ತೊಬ್ಬನ ಹೆಸರಿನ ಅರ್ಧ ಸವೆದಿದೆ, ನಂಬರು ಮಾತ್ರ ಸ್ಪಷ್ಟ. ನಮ್ಮವರಲ್ಲ. ನಾಲ್ಕಕ್ಕೂ ಚೀಟಿ ಬರೆದು ಕವರಿನಲ್ಲಿ ಹಾಕಿದೆವು. ನನ್ನ ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನಗೇ ಬಂತು. ಐದನೆಯದಕ್ಕೆ ಕಡ್ಡಿ ಮುರಿಯಿತು. ಮಳೆಗಾಲದ ತೇವಕ್ಕೆ ಮರ ಉಬ್ಬಿ ಕುಳಿ ಬಿಗಿದಿದೆ, ಜೋರು ಮಾಡಿದರೆ ಅಂಚು ಕೆರೆಯುತ್ತದೆ ಎಂದರು.

ಇನ್ನು ಏಳಿವೆ. ಶಿವರಾತ್ರಿ ಕಳೆಯಲಿ, ಬಿಸಿಲಿಗೆ ಹಲಗೆ ಒಣಗಿ ಸಡಿಲಾಗುತ್ತದೆ, ಆಗ ಬನ್ನಿ ಎಂದಿದ್ದಾರೆ. ಸೋದರಮಾವನಿಗೂ ಹೇಳಿ ಕಳಿಸಿದ್ದೇನೆ. ಬಂದೂಕೇ ಇರುತ್ತದೆ, ಬೇಕಾದರೆ ಪಂದ್ಯ ಕಟ್ಟು ಎನ್ನುತ್ತಿದ್ದಾರೆ.